ನಾನು ನಕ್ಕಿದ್ದ ಕಾರು

ಮಕ್ಕಳೇ, ಕರೆಂಟಿನ ಕಾರು ನಿನ್ನೆ ಮೊನ್ನೆಯದಲ್ಲ. 2001ರಲ್ಲೇ ನಮ್ಮ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ‘ರೇವಾ’ ರಸ್ತೆಗಿಳಿದಿತ್ತು. ಎರಡೇ ಬಾಗಿಲು, ಸೀಟಿನಡಿ ಸೀಸ-ಆಮ್ಲದ ಎಂಟು ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಮುಂದೆ ಲಂಡನ್ನಿನಲ್ಲೂ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ನಮ್ಮ ಬ್ಯಾಂಕಿನ ಮುಂದೆ ನಿಂತಿದ್ದನ್ನು ಕಂಡು ‘ಆಟದ ಸಾಮಾನು’ ಎಂದು ನಕ್ಕವರಲ್ಲಿ ನಾನೂ ಒಬ್ಬ.

ಈಗ ಮೊಮ್ಮಗಳು, “ತಾತ, ನಿಮ್ಮ ಹಳೇ ಸ್ಕೂಟರ್ ಮಾರಿ ಕರೆಂಟಿನದು ತಗೊಳ್ಳಿ” ಎನ್ನುತ್ತಾಳೆ. ಪೆಟ್ರೋಲ್ ಖರ್ಚಿನ ಲೆಕ್ಕ ಬರೆದು ತೋರಿಸಿದಳು. ಕೂಡಿದ್ದು ಸರಿಯಾಗೇ ಇತ್ತು.

“ಬ್ಯಾಟರಿ ಬದಲಿಸುವ ಖರ್ಚು ಬರೆದಿಲ್ಲವಲ್ಲ?” ಎಂದೆ.

ಅಷ್ಟು ಹೊತ್ತು ಸುಮ್ಮನಿದ್ದ ನನ್ನಾಕೆ ಕೇಳಿದಳು: “ಕಿಕ್ ಹೊಡೆದೂ ಹೊಡೆದೂ ನಿಮ್ಮ ಮಂಡಿ ಹೋಯಿತಲ್ಲ, ಆ ಖರ್ಚು ಯಾರು ಬರೆದರು?”

ಭಾನುವಾರ ಮೊಮ್ಮಗಳ ಜೊತೆ ಅಂಗಡಿಗೆ ಹೊರಟಿದ್ದೇನೆ. ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ? ಮೊದಲ ಪ್ರಶ್ನೆ ಅದೇ.