ನೂರರ ವೇಗದಲ್ಲಿ ನಡುಗುವ ಗಾಲಿ

ಕಾರಿಗೆ ಅಲಾಯ್ ಗಾಲಿ ಹಾಕಿಸಬೇಕೆಂಬುದು ಕಾಲೇಜು ಹುಡುಗರ ಬಹುದಿನದ ಆಸೆ. ಹೊಸದರ ಬೆಲೆ ಕೇಳಿದೊಡನೆ ಅಪ್ಪಂದಿರು ಮೌನಿಗಳಾಗುತ್ತಾರೆ. ಆಗ ನೆನಪಾಗುವುದು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು. ಯಾರೋ ಬಿಚ್ಚಿಸಿ ಮಾರಿದ ನಾಲ್ಕು ಗಾಲಿಗಳು ಟೈರ್ ಸಮೇತ ಅಗ್ಗಕ್ಕೆ ಸಿಗುತ್ತವೆ. ಊರೊಳಗೆ ಓಡಾಡುವಾಗ ಎಲ್ಲವೂ ಸುಖವೇ. ಮೈಸೂರು ಹೆದ್ದಾರಿ ಹಿಡಿದು ವೇಗ ತೊಂಬತ್ತು ದಾಟಿತೋ, ಸ್ಟಿಯರಿಂಗ್ ಚಳಿಜ್ವರ ಬಂದಂತೆ ನಡುಗತೊಡಗುತ್ತದೆ. ಇನ್ನಷ್ಟು ವೇಗ ಹೆಚ್ಚಿಸಿದರೆ ಕೆಲವೊಮ್ಮೆ ನಡುಕ ತಾನಾಗಿಯೇ ಕಡಿಮೆಯಾಗುವುದೂ ಉಂಟು!

ಇದರ ಗುಟ್ಟು ಪಿಯುಸಿ ಭೌತಶಾಸ್ತ್ರದ ವೃತ್ತೀಯ ಚಲನೆಯ ಪಾಠದಲ್ಲಿದೆ. ಮಾರುತಿ ಸ್ವಿಫ್ಟ್‌ನಂಥ ಕಾರಿನ 14 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ಹೊಡೆಯುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ ಬರೀ 30 ಗ್ರಾಂ ಭಾರ ಹೆಚ್ಚಿದ್ದರೂ, ಆ ವೇಗದಲ್ಲಿ ಅದು ಸುಮಾರು ನಾಲ್ಕೂವರೆ ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಜಗ್ಗುತ್ತದೆ. ವೇಗ ಅರ್ಧಕ್ಕಿಳಿದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಏನೂ ತಿಳಿಯದಿರುವುದು ಇದಕ್ಕೇ. ಜೊತೆಗೆ ಗಾಲಿ ಮತ್ತು ಸಸ್ಪೆನ್ಷನ್ನಿಗೆ ತಮ್ಮದೇ ಆದ ತೂಗಾಟದ ಲಯವಿದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ ಎರಡು ಲಯಗಳೂ ಕೂಡುವ ವೇಗದಲ್ಲಿ ನಡುಕ ಜೋರಾಗುತ್ತದೆ. ಆ ವೇಗ ದಾಟಿದ ಮೇಲೆ ತಗ್ಗುತ್ತದೆ.

ಹಾಗಾದರೆ ಬ್ಯಾಲೆನ್ಸಿಂಗ್ ಮಾಡಿಸಿದರೆ ಮುಗಿಯಿತಲ್ಲ? ಎಲ್ಲರೂ ಮೊದಲು ಮಾಡುವುದು ಅದನ್ನೇ. ಯಂತ್ರ ಸೊನ್ನೆ ತೋರಿಸುತ್ತದೆ, ಕಾರು ಮಾತ್ರ ನಡುಗುತ್ತಲೇ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಗಾಲಿಯ ನಡುವಿನ ತೂತು. ಸ್ವಿಫ್ಟ್ ಕಾರಿನ ಹಬ್ 54.1 ಮಿ.ಮೀ. ವ್ಯಾಸದ್ದು. ಕಂಪನಿಯ ಗಾಲಿ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಹೊರಗಿನ ತಯಾರಕರು ಒಂದೇ ಗಾಲಿ ಹಲವು ಕಾರುಗಳಿಗೆ ಹೊಂದಲೆಂದು ತೂತನ್ನು ದೊಡ್ಡದಾಗಿ ಬಿಡುತ್ತಾರೆ, 73.1 ಮಿ.ಮೀ. ಸಾಮಾನ್ಯ ಅಳತೆ. ಮಧ್ಯದ ಸಂದು ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆಯೊಂದು ಇರಬೇಕು. ಗಾಲಿ ಕೈಬದಲಾಯಿಸುವಾಗ ಈ ಬಳೆ ಹಳೆಯ ಕಾರಿನಲ್ಲೇ ಉಳಿದುಹೋಗುತ್ತದೆ. ಉಳಿಯದಿದ್ದರೂ ಅಳತೆ ಬೇರೆಯಾಗಿರುತ್ತದೆ. ಆಗ ಗಾಲಿಯನ್ನು ನಡುವಿಗೆ ತರುವ ಹೊಣೆಯೆಲ್ಲ ನಟ್ಟುಗಳದ್ದು. ಕಾರು ನೆಲದ ಮೇಲಿರುವಾಗಲೇ ಒಂದು ನಟ್ಟನ್ನು ಗಾಳಿಗನ್ನಿನಿಂದ ಪೂರ್ತಿ ಬಿಗಿದರೆ ಗಾಲಿ ಕೂದಲೆಳೆಯಷ್ಟು ಓರೆಯಾಗಿ ಕೂತುಬಿಡುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಗಾಲಿಯ ತೂತನ್ನೇ ನಡುವೆಂದು ಹಿಡಿಯುವುದರಿಂದ ಅದಕ್ಕೆ ಈ ತಪ್ಪು ಕಾಣುವುದಿಲ್ಲ.

ನಟ್ಟುಗಳಲ್ಲೂ ಭೇದವುಂಟು. ಕೆಲವು ಗಾಲಿಗಳಿಗೆ ಶಂಕುವಿನಾಕಾರದ ನಟ್ಟು ಬೇಕು, ಹೋಂಡಾದಂಥ ಕಾರುಗಳ ಗಾಲಿಗೆ ಗುಂಡು ತಳದ್ದು. ಅದಲುಬದಲಾದರೆ ನಟ್ಟು ಪೂರ್ತಿ ಕೂರುವುದಿಲ್ಲ. ಓಟದಲ್ಲಿ ಸಡಿಲಗೊಳ್ಳಬಹುದು, ಆಮೇಲಿನ ಅನಾಹುತ ಬರೀ ನಡುಕಕ್ಕೆ ನಿಲ್ಲುವಂಥದ್ದಲ್ಲ. ತೂತುಗಳ ಅಂತರವೂ ಅಷ್ಟೇ ಮುಖ್ಯ. ಫಿಯೆಟ್ ಪುಂಟೊದ ತೂತುಗಳು 98 ಮಿ.ಮೀ. ವೃತ್ತದಲ್ಲಿವೆ, ಸ್ವಿಫ್ಟ್‌ನವು 100ರಲ್ಲಿ. ಎರಡೇ ಮಿ.ಮೀ. ತಾನೇ ಎಂದು ಒತ್ತಿ ಕೂರಿಸುವ ಮೆಕ್ಯಾನಿಕ್ಕರಿಂದ ದೂರವಿರುವುದು ಲೇಸು.

ಪತ್ತೆಗೆ ಮೊದಲ ಹೆಜ್ಜೆಗೆ ಖರ್ಚಿಲ್ಲ. ಕಾರನ್ನು ಜಾಕ್ ಮೇಲೆತ್ತಿ ಗಾಲಿ ಬಿಚ್ಚಿ, ಹಬ್ಬಿನ ತುಕ್ಕು, ಮಣ್ಣು ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬರಬೇಕು. ಕೊನೆಯ ಬಿಗಿತ ಕಾರಿನ ಕೈಪಿಡಿ ಹೇಳಿದಷ್ಟೇ ಇರಲಿ. ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡುವುದು ಕಡ್ಡಾಯ. ನಡುಕ ಹೋಗದಿದ್ದರೆ ಅದು ಎಲ್ಲಿ ತಿಳಿಯುತ್ತದೆಂದು ಗಮನಿಸಿ: ಕೈಗೆ ತಿಳಿದರೆ ಸಾಮಾನ್ಯವಾಗಿ ಮುಂದಿನ ಗಾಲಿ, ಸೀಟಿನಲ್ಲಿ ತಿಳಿದರೆ ಹಿಂದಿನದು. ಮುಂದಿನದನ್ನು ಹಿಂದಕ್ಕೆ ಹಾಕಿದಾಗ ನಡುಕವೂ ಸ್ಥಳ ಬದಲಿಸಿದರೆ ಕಳ್ಳ ಸಿಕ್ಕಿದಂತೆಯೇ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕಿನ ಕಡೆ ನೋಡಬೇಕು. ಅಲೈನ್‌ಮೆಂಟ್ ಮಾಡಿಸಿ ಹಣ ಕಳೆದುಕೊಳ್ಳುವವರು ಬಹಳ. ಅದು ತಪ್ಪಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರ್ ಸವೆಯುತ್ತದೆ, ನಡುಗುವುದು ಅಪರೂಪ.

ಅನುಮಾನದ ಗಾಲಿಯನ್ನು ಎತ್ತಿ, ರಿಮ್ಮಿನ ಅಂಚಿಗೆ ತಾಗುವಂತೆ ಸೀಮೆಸುಣ್ಣ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಸೊಟ್ಟಗಿದ್ದ ಕಡೆ ಮಾತ್ರ ಗೆರೆ ಬೀಳುತ್ತದೆ. ರಿಮ್ಮು ನೆಟ್ಟಗಿದ್ದು ಟೈರ್ ಮೇಲೆಕೆಳಗೆ ಕುಣಿಯುತ್ತಿದ್ದರೆ ಟೈರೇ ಕೆಟ್ಟಿದೆ. ಅದರ ಪಕ್ಕೆಯಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಕೊಳ್ಳುವ ಮುನ್ನವೇ ಗಾಲಿಯನ್ನು ಮಗುಚಿ ಒಳಗಿನ ಅಂಚು ನೋಡಬೇಕು. ಹೊಸ ಬಣ್ಣದ ಕೆಳಗೆ ಸುತ್ತಿಗೆ ಏಟು, ವೆಲ್ಡಿಂಗ್ ಗುರುತು ಅಡಗಿರುವುದು ಅಲ್ಲೇ. ಬಿರುಕು ಬಿಟ್ಟು ವೆಲ್ಡ್ ಆದ ಗಾಲಿಯನ್ನು ಪುಕ್ಕಟೆ ಕೊಟ್ಟರೂ ಕಾರಿಗೆ ಹಾಕಿಸಬಾರದು.