ಪಿಚ್ಚರ್ ಹೇಗುಂಟು ಮಾರಾಯ್ರೆ?

2025ರ ಜುಲೈ 25ರಂದು ತೆರೆಗೆ ಬಂದ ‘ಸು ಫ್ರಮ್ ಸೋ’ ಚಿತ್ರಕ್ಕೆ ಪೋಸ್ಟರ್ ತುಂಬುವಂಥ ತಾರೆಯ ಬಲವಿರಲಿಲ್ಲ. ಅದನ್ನು ನಿರ್ದೇಶಿಸಿ ತಾವೇ ನಾಯಕರಾದ ಜೆ.ಪಿ. ತುಮಿನಾಡು ಕರಾವಳಿಯ ನಾಟಕಗಳಲ್ಲಿ ಪಳಗಿದವರು. ಸೋಮೇಶ್ವರದ ಸುಲೋಚನೆಯ ಪ್ರೇತ ಮೈಮೇಲೆ ಬಂದಿದೆ ಎಂದು ನಟಿಸುವ ಹುಡುಗ, ಅವನ ಬೆನ್ನಿಗೆ ಬೀಳುವ ಇಡೀ ಊರು: ಕತೆ ಇಷ್ಟೇ. ಆದರೆ ನೋಡಿ ಬಂದವರು ಸುಮ್ಮನಿರಲಿಲ್ಲ. ‘ನಮ್ಮ ವಠಾರದವರೇ ಇದ್ದಾರೆ, ಹೋಗಿ ನೋಡಿ’ ಎಂಬ ಮಾತು ಮನೆಯಿಂದ ಮನೆಗೆ ದಾಟಿತು, ಪ್ರದರ್ಶನಗಳು ದಿನದಿಂದ ದಿನಕ್ಕೆ ಹೆಚ್ಚಿದವು. ವಾರದೊಳಗೆ ಚಿತ್ರ ಮಲಯಾಳಕ್ಕೂ ಹೋಯಿತು.

ಉಡುಪಿಯ ಕಲ್ಪನಾ, ಅಲಂಕಾರ್ ಟಾಕೀಸುಗಳಿಂದ ಹೊರಬಿದ್ದವರ ಮಾತು ಸಿಟಿ ಬಸ್ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ, ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದು ಮುಂದುವರಿಯುತ್ತದೆ. ‘ಅಡ್ಡಿಲ್ಲ’, ‘ಒಮ್ಮೆ ನೋಡಬಹುದು’, ‘ಸೆಕೆಂಡ್ ಹಾಫ್ ಎಳೆದಿದ್ದಾರೆ’. ಮೇಲ್ನೋಟಕ್ಕೆ ಹಗುರ ಮಾತು. ಆದರೆ ‘ಯಾಕೆ’ ಎಂದು ಒಮ್ಮೆ ಕೇಳಿದರೆ ಸಾಕು, ಉತ್ತರ ಮುಂದಿನ ಸ್ಟಾಪಿನವರೆಗೂ ನಡೆಯುತ್ತದೆ.

ಈ ಅಭ್ಯಾಸ ಸಿನಿಮಾಕ್ಕಿಂತ ಹಳೆಯದು. ನವೆಂಬರಿನಿಂದ ಮೇವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಮಂದಾರ್ತಿ, ಪೆರ್ಡೂರು, ಸಾಲಿಗ್ರಾಮ ಮೇಳದ ಆಟ ನೋಡಿದವರು ಬೆಳಗಿನ ಚಹಾಕ್ಕೆ ಕೂತರೆ ಭಾಗವತರ ಶ್ರುತಿ, ಚಂಡೆಯ ಪೆಟ್ಟು, ಅರ್ಥಗಾರಿಕೆಯ ತೂಕ ಎಲ್ಲವೂ ವಿಚಾರಣೆಗೆ ಬರುತ್ತವೆ. ಕತೆ ಎಲ್ಲರಿಗೂ ಗೊತ್ತಿರುವುದೇ. ಆದ್ದರಿಂದ ‘ಮುಂದೇನಾಯಿತು’ ಎಂಬ ಪ್ರಶ್ನೆಗೆ ಬೆಲೆಯಿಲ್ಲ. ಕೌರವ ಈ ರಾತ್ರಿ ಹೇಗೆ ಒದಗಿದ, ಯಾವ ಮಾತಿಗೆ ಎದುರಾಳಿ ತಡವರಿಸಿದ ಎಂಬುದೇ ಚರ್ಚೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಂದಿರೂ ಇಂಥ ವಿಮರ್ಶೆಯಲ್ಲಿ ನಿಷ್ಠುರರು. ಸಿನಿಮಾಕ್ಕೆ ಹೋಗುವಾಗ ಆ ಕಿವಿಯನ್ನು ಮನೆಯಲ್ಲಿ ಬಿಟ್ಟು ಹೋಗಲು ಬರುವುದಿಲ್ಲ.

2014ರ ಮಾರ್ಚ್ 28ರಂದು ಬಂದ ‘ಉಳಿದವರು ಕಂಡಂತೆ’ ಆ ಕಿವಿಗೆ ತೀರ ಹತ್ತಿರದ ಚಿತ್ರ. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ಊರಿನ ಆಡುಮಾತು ಎಲ್ಲವನ್ನೂ ತೆರೆಗೆ ತಂದರು. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಪತ್ರಕರ್ತೆಯೊಬ್ಬಳು ಅವನ್ನೆಲ್ಲ ಕೂಡಿಸಲು ಹೊರಡುತ್ತಾಳೆ. ಟಾಕೀಸಿನಲ್ಲಿ ಅದು ದೊಡ್ಡ ಗೆಲುವು ಕಾಣಲಿಲ್ಲ. ಆಮೇಲೆ ಹಾಸ್ಟೆಲ್ ಕೋಣೆಗಳಲ್ಲಿ, ಗೆಳೆಯರ ಲ್ಯಾಪ್‌ಟಾಪುಗಳಲ್ಲಿ ಅದರ ಎರಡನೇ ಆಯುಷ್ಯ ಶುರುವಾಯಿತು. ತಾವೇ ಕಂಡದ್ದನ್ನು ತಮ್ಮ ತಮ್ಮ ಬಗೆಯಲ್ಲಿ ಹೇಳುತ್ತ ನೋಡುಗರೂ ಆ ಚಿತ್ರದ ಸಾಕ್ಷಿಗಳ ಸಾಲಿಗೆ ಸೇರಿಕೊಂಡರು. ಮೊದಲ ವಾರದ ಗಳಿಕೆಗಿಂತ ಇದು ದೊಡ್ಡ ಗೌರವ.

ಭಾಷೆಯ ವಿಷಯದಲ್ಲಿ ಇಲ್ಲಿಯವರು ಸಡಿಲು ಬಿಡುವುದಿಲ್ಲ, ಬಿಡಲೂಬಾರದು. ದಶಕಗಳ ಕಾಲ ಕನ್ನಡ ಸಿನಿಮಾದ ‘ಮಂಗಳೂರು ಕನ್ನಡ’ವೆಂದರೆ ಹೋಟೆಲ್ ಮಾಣಿಯ ಬಾಯಿಯ ನಗೆಚಟಾಕಿ. ಕುಂದಾಪ್ರ ಕನ್ನಡ ಯಾವುದು, ತುಳು ಮನೆಮಾತಿನವರು ಆಡುವ ಕನ್ನಡ ಯಾವುದು ಎಂಬ ಭೇದವನ್ನು ಬಸ್ ಕಂಡಕ್ಟರ್ ಕೂಡ ಎರಡು ವಾಕ್ಯದಲ್ಲಿ ಹಿಡಿದುಬಿಡುತ್ತಾರೆ. ನಾಯಕನ ಹೊಡೆದಾಟ ಚೆನ್ನಾಗಿತ್ತು, ಆದರೆ ಅವನ ಅಮ್ಮ ಈ ಊರಿನವಳ ಹಾಗೆ ಮಾತಾಡಲಿಲ್ಲ ಎಂಬ ಆಕ್ಷೇಪ ಕ್ಷುಲ್ಲಕವಲ್ಲ.

ದೈವದ ವಿಷಯಕ್ಕೆ ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಂದಾಗ ದೇಶದ ಬೇರೆಡೆಯವರು ಕೊನೆಯ ಇಪ್ಪತ್ತು ನಿಮಿಷಕ್ಕೆ ಬೆರಗಾದರು. ಕಾಪುವಿನ ಪಿಲಿಕೋಲ ನೋಡುತ್ತ ಬೆಳೆದವರಿಗೆ, ಕಾರ್ಕಳದ ಹಳ್ಳಿಗಳಲ್ಲಿ ಕೋಲದ ರಾತ್ರಿ ನಿದ್ದೆಗೆಟ್ಟವರಿಗೆ ಬೆರಗಿನ ಜೊತೆಗೆ ಪ್ರಶ್ನೆಗಳೂ ಎದ್ದವು. ದೈವನರ್ತಕರು ಕಟ್ಟುವ ಅಣಿ ಸರಿಯಿತ್ತೇ? ದೈವದ ಕೂಗನ್ನು ಪಾಪ್‌ಕಾರ್ನ್ ತಿನ್ನುವ ಜಾಗದಲ್ಲಿ ಕೇಳಿಸಬಹುದೇ? ಒಂದೇ ಮನೆಯಲ್ಲಿ ಮಗ ಎರಡನೇ ಸಲ ಟಿಕೆಟ್ ತೆಗೆಯುತ್ತಿದ್ದರೆ ಅಜ್ಜಿ ಬರಲೊಪ್ಪುತ್ತಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಸಿನಿಮಾದ ಮಾತು ಬದುಕಿನ ಮಾತಾಗಿ ತಿರುಗಿತು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಂದ ಮೇಲೆ ಕೆಲವರು ದೈವದ ವೇಷ, ಕೂಗನ್ನು ಅನುಕರಿಸತೊಡಗಿದಾಗ ಹಾಗೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ವಿನಂತಿಸಬೇಕಾಯಿತು. ಕರಾವಳಿಯ ಹಿರಿಯರು ಮೊದಲಿನಿಂದಲೂ ಹೇಳುತ್ತಿದ್ದದ್ದು ಅದನ್ನೇ.

ಮಣಿಪಾಲದ ಮಾತು ಬೇರೆ. ದೇಶದ ಮೂಲೆಮೂಲೆಗಳಿಂದ ಬಂದ ವಿದ್ಯಾರ್ಥಿಗಳು ಮಲಯಾಳ, ಹಿಂದಿ, ಕೊರಿಯನ್ ಸರಣಿಗಳನ್ನು ಒಂದೇ ಉಸಿರಿನಲ್ಲಿ ಹೋಲಿಸುತ್ತಾರೆ. ಸಬ್‌ಟೈಟಲ್ ಓದಿಯೇ ‘ಗರುಡ ಗಮನ ವೃಷಭ ವಾಹನ’ವನ್ನು ಮೆಚ್ಚುತ್ತಾರೆ. ಐದು ಕಿಲೋಮೀಟರ್ ಕೆಳಗೆ ಉಡುಪಿಯ ರಥಬೀದಿಯಲ್ಲಿ ನಡೆಯುವ ಚರ್ಚೆ ಅವರ ಕಿವಿಗೆ ಬೀಳುವುದು ಕಡಿಮೆ.

ಮನೆಯೊಳಗಿನ ಹೆಂಗಸರ ಮಾತು ಇನ್ನೂ ಕಡಿಮೆ ದಾಖಲಾಗಿದೆ. ಅದನ್ನು ಮನಗಂಡು ಬರೆದವರು ಕುಂದಾಪುರದಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಸಿದ ವೈದೇಹಿ. ಅವರ ಕತೆಯಲ್ಲಿ ಊರಿಗೆ ಟಾಕೀಸು ಬಂದಾಗ ಹೆರಿಗೆ ಮಾಡಿಸುವವಳು ಹೆಂಗಸರ ಬಾಗಿಲಿನ ಗೇಟ್‌ಕೀಪರ್ ಆಗುತ್ತಾಳೆ. ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ನಲ್ಲಿ ಟಾಕೀಸಿನ ಜಾಗಕ್ಕೆ ಟಿವಿ ಬಂತು. ಹೆರಿಗೆ ಮಾಡಿಸಿದ ಋಣಕ್ಕೆ ಸಿಕ್ಕ ಟಿವಿ, ಡಿಶ್ ಆಂಟೆನಾ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬರುತ್ತವೆ. ಗಂಡಸರು ಮೀನಿಗೆ ಹೋದಾಗ ಹೆಂಗಸರು ಅಲ್ಲಿ ಸೇರುತ್ತಾರೆ. ಅವಳು ಮುಸ್ಲಿಮಳೆಂದು ಕೆಲವರು ಬರುವುದಿಲ್ಲ, ಕೆಲವರು ಹೊರಗೇ ನಿಂತು ನೋಡುತ್ತಾರೆ. ಆ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮಲ್ಪೆಯಲ್ಲಿ, ಕಾಪುವಿನಲ್ಲಿ ಮೀನು ಹೊರುವ ಹೆಂಗಸರು ಈ ಚಿತ್ರದ ಬಗ್ಗೆ ಏನನ್ನುತ್ತಾರೆ ಎಂಬುದು ವಿಮರ್ಶೆಯ ಯಾವ ಪುಸ್ತಕಕ್ಕಿಂತಲೂ ಕಡಿಮೆಯ ಸಂಗತಿಯಲ್ಲ. ಮಣಿಪಾಲದ ಸಂವಹನ ತರಗತಿಗಳಲ್ಲಿ ತೆರೆಯೂ ಇದೆ, ಪ್ರೊಜೆಕ್ಟರೂ ಇದೆ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವ ಜೂನ್, ಜುಲೈ ತಿಂಗಳಲ್ಲಿ ಒಂದು ಭಾನುವಾರ ಆ ಹೆಂಗಸರನ್ನು ಕರೆದು ಚಿತ್ರ ತೋರಿಸಿ, ಆಮೇಲೆ ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಎದುರಿಗೆ ಕೂರಬಹುದು.