ಮದುವೆಗೆ ಮುಂಚಿನ ಕರಾರು

1901ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಒಬ್ಬ ಮನೆಯಳಿಯನ ಮೊಕದ್ದಮೆ ಬಂತು. ಹೆಂಡತಿಯನ್ನು ಅವಳ ತಾಯಿಯ ಮನೆಯಿಂದ ಎಂದಿಗೂ ಕರೆದೊಯ್ಯುವುದಿಲ್ಲ ಎಂದು ಮದುವೆಗೆ ಮುಂಚೆಯೇ ಕರಾರಾಗಿತ್ತು. ಮುಂದೆ ಮನಸ್ತಾಪವಾಯಿತು, ಹೆಂಡತಿ ತನ್ನ ಮನೆಗೆ ಬಂದು ಬಾಳಲಿ ಎಂದು ಆತ ದಾವೆ ಹೂಡಿದ. ಹೆಣ್ಣಿನ ಕಡೆಯವರು ಹಳೆಯ ಕರಾರನ್ನು ಮುಂದಿಟ್ಟರು. ಅದು ನಿಲ್ಲಲಿಲ್ಲ. ಹಿಂದೂ ಮದುವೆಯಲ್ಲಿ ಗಂಡ ಹೆಂಡಿರ ಹಕ್ಕುಬಾಧ್ಯತೆಗಳನ್ನು ಶಾಸ್ತ್ರವೇ ಗೊತ್ತುಮಾಡಿದೆ, ಅದನ್ನು ಬೀಗರಿಬ್ಬರು ಕೂತು ತಿದ್ದಲಾಗದು ಎಂಬುದು ತೀರ್ಪಿನ ಧಾಟಿ.

ಇಂದು ಬೆಂಗಳೂರಿನ ವಕೀಲರ ಬಳಿಗೆ 'ಪ್ರಿನಪ್' ಮಾಡಿಸಬೇಕು ಎಂದು ಬರುವ ಜೋಡಿಗೂ ಇದೇ ಗೋಡೆ ಎದುರಾಗುತ್ತದೆ. ವಿವಾಹಪೂರ್ವ ಒಪ್ಪಂದ ಮಾಡಿಕೊಳ್ಳಬೇಡಿ ಎನ್ನುವ ಕಾಯ್ದೆ ನಮ್ಮಲ್ಲಿಲ್ಲ, ಮಾಡಿಕೊಂಡರೆ ನಡೆಸಿಕೊಡುತ್ತೇವೆ ಎನ್ನುವ ಕಾಯ್ದೆಯೂ ಇಲ್ಲ. ಉಳಿದದ್ದು 1872ರ ಕರಾರು ಅಧಿನಿಯಮ. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಅನೂರ್ಜಿತ ಎನ್ನುತ್ತದೆ ಅದರ 23ನೇ ಕಲಂ. ಛಾಪಾ ಕಾಗದದಲ್ಲಿ ಬರೆದು ನೋಟರಿಯ ಮೊಹರು ಹಾಕಿಸಿದರೂ ಈ ಪ್ರಶ್ನೆ ತಪ್ಪುವುದಿಲ್ಲ.

ಆದರೆ ನನಗೆ ಹೆಚ್ಚು ಕುತೂಹಲದ ಸಂಗತಿ ಬೇರೆ. ಈ ಕರಾರು ಹುಟ್ಟಿದ ಕಡೆ ಅದಕ್ಕೊಂದು ಕೆಲಸವಿದೆ; ಆ ಕೆಲಸ ನಮ್ಮಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಜೋಡಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕಾನೂನಿನಂತೆ ಮದುವೆಯಾದ ಮೇಲೆ ಯಾರು ದುಡಿದರೂ ಆ ಗಳಿಕೆಯಲ್ಲಿ ಇಬ್ಬರಿಗೂ ಸಮಪಾಲು. ಅದು ಬೇಡ ಎನ್ನುವವರು ಕರಾರು ಬರೆಸುತ್ತಾರೆ. ಅದಕ್ಕೂ ಕಟ್ಟಳೆಗಳಿವೆ: ಅಂತಿಮ ಕರಡು ಕೈಗೆ ಬಂದು 7 ದಿನ ಕಳೆಯದೆ ಸಹಿ ಹಾಕುವಂತಿಲ್ಲ, ಆಸ್ತಿ ಸಾಲಗಳನ್ನು ಮುಚ್ಚಿಡುವಂತಿಲ್ಲ. ಅಂದರೆ ಕಾನೂನು ಕೂಡಿಸಿದ್ದನ್ನು ಬೇರೆ ಮಾಡಲು ಆ ಕಾಗದ.

ನಮ್ಮಲ್ಲಿ ಕಾನೂನು ಏನನ್ನೂ ಕೂಡಿಸುವುದೇ ಇಲ್ಲ. ಗಂಡನ ಹೆಸರಿನ ಸೈಟು ಗಂಡನದು, ಹೆಂಡತಿಯ ಸಂಬಳ ಹೆಂಡತಿಯದು. ತಾಳಿ ಕಟ್ಟಿದ ಮಾತ್ರಕ್ಕೆ ಒಬ್ಬರ ಗಳಿಕೆಯಲ್ಲಿ ಇನ್ನೊಬ್ಬರಿಗೆ ಪಾಲು ಹುಟ್ಟುವುದಿಲ್ಲ. 'ನನ್ನ ಆಸ್ತಿಯಲ್ಲಿ ಅರ್ಧ ಹೊಡೆದುಕೊಂಡು ಹೋಗುತ್ತಾಳೆ' ಎಂಬ ಭಯ ಇಂಗ್ಲಿಷ್ ಸಿನಿಮಾಗಳಿಂದ ಬಂದದ್ದು.

ಈ ಮಾತಿಗೆ ದೊಡ್ಡ ಹೊರತು ನಮ್ಮ ಪಕ್ಕದಲ್ಲೇ ಇದೆ, ಗೋವಾ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಕುಟುಂಬ ಕಾನೂನು ಅಲ್ಲಿ ಇನ್ನೂ ಜಾರಿಯಲ್ಲಿದೆ. ಬೇರೆ ಏನೂ ಬರೆಸದಿದ್ದರೆ ಗಂಡ ಹೆಂಡಿರ ಆಸ್ತಿಯೆಲ್ಲ ಸಾಮಾನ್ಯವಾಗಿ ಒಟ್ಟಾಗುತ್ತದೆ, ಪಿತ್ರಾರ್ಜಿತವೂ ಸೇರಿ. ಬೇಡವಾದರೆ ಮದುವೆಗೆ ಮುಂಚೆ ಅಧಿಕೃತ ಪತ್ರ ಮಾಡಿಸಿ ಬೇರೆ ಪದ್ಧತಿ ಆರಿಸಿಕೊಳ್ಳಬಹುದು. ಮುಸ್ಲಿಂ ಮದುವೆಯಲ್ಲಿಯೂ ಕರಾರಿಗೆ ಜಾಗವಿದೆ, ನಿಕಾಹ್ ಎಂಬುದೇ ಒಂದು ಕರಾರು. ಮಹರ್ ಮೊತ್ತದ ಜೊತೆಗೆ, ಇಂಥ ಸಂದರ್ಭದಲ್ಲಿ ತಲಾಖಿನ ಅಧಿಕಾರ ಹೆಂಡತಿಗೆ ಎಂಬ ಷರತ್ತನ್ನೂ ನಿಕಾಹ್‌ನಾಮಾದಲ್ಲಿ ಬರೆಸಬಹುದು. ಬರೆಸುವವರು ಕಡಿಮೆ ಎಂಬುದು ಬೇರೆ ಮಾತು.

ಹಾಗಿದ್ದರೆ ಉಳಿದವರು ಏಕೆ ಪ್ರಿನಪ್ ಕೇಳುತ್ತಾರೆ? ಹೆಚ್ಚಿನವರ ಮನಸ್ಸಿನಲ್ಲಿರುವುದು ಜೀವನಾಂಶ. 'ಬೇರೆಯಾದರೆ ಒಂದು ಪೈಸೆಯನ್ನೂ ಕೇಳುವುದಿಲ್ಲ' ಎಂದು ಬರೆಸಿಕೊಂಡರೆ ನಿಶ್ಚಿಂತೆ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2013ರಲ್ಲಿ ತೀರ್ಮಾನವಾದ ಪ್ರಕರಣವೊಂದಿದೆ. ಅದರಲ್ಲಿ ಹೆಂಡತಿ 8,000 ರೂಪಾಯಿ ಪಡೆದು, ಮುಂದೆ ಜೀವನಾಂಶ ಕೇಳುವುದಿಲ್ಲ ಎಂದು ರಾಜಿಗೆ ಒಪ್ಪಿದ್ದಳು, ಅದೂ ನ್ಯಾಯಾಲಯದ ಎದುರಿಗೇ. ವರ್ಷಗಳ ನಂತರ ಮತ್ತೆ ಕೇಳಿದಾಗ, ಆ ಹಕ್ಕನ್ನು ಹಾಗೆ ಬರೆದುಕೊಟ್ಟು ಕಳೆದುಕೊಳ್ಳಲಾಗದು, ಅಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು ಸರ್ವೋಚ್ಚ ನ್ಯಾಯಾಲಯ. ಜಗಳವಾದ ಮೇಲೆ ಬರೆದದ್ದೇ ನಿಲ್ಲದಿದ್ದರೆ, ನಿಶ್ಚಿತಾರ್ಥದ ಸಂಭ್ರಮದಲ್ಲಿ ಬರೆದದ್ದು ನಿಂತೀತೇ?

ಕಸಿದುಕೊಳ್ಳುವ ಕರಾರಿಗೆ ಇಲ್ಲಿ ಬೆಲೆಯಿಲ್ಲ. ಕೊಡುವ ಕಾಗದಕ್ಕೆ ಇದೆ. ಮಗು ಹುಟ್ಟಿದ ಮೇಲೆ ಒಬ್ಬರು ಕೆಲಸ ಬಿಡುವುದೆಂದು ಮೊದಲೇ ಮಾತಾಗಿದೆ ಎನ್ನಿ. ಹಾಗೆ ಬಿಡುವವಳು (ಬಹುಮಟ್ಟಿಗೆ ಅವಳೇ) ಹತ್ತು ವರ್ಷದಲ್ಲಿ ಕಳೆದುಕೊಳ್ಳುವ ಗಳಿಕೆಗೆ ಕಾನೂನು ತಾನಾಗಿ ಪಾಲು ಕೊಡದು. ಇಲ್ಲಿ ಮಾತುಕೊಡುವ ಒಪ್ಪಂದಕ್ಕಿಂತ ನೇರ ದಾರಿಗಳೇ ಮೇಲು. ಫ್ಲ್ಯಾಟನ್ನು ಜಂಟಿ ಹೆಸರಿನಲ್ಲಿ ನೋಂದಾಯಿಸಿ, ಯಾರ ಪಾಲು ಎಷ್ಟು ಎಂದು ಕ್ರಯಪತ್ರದಲ್ಲೇ ನಮೂದಿಸಬಹುದು. ಇರುವ ಮನೆಯಲ್ಲಿ ಪಾಲು ಕೊಡಲು ದಾನಪತ್ರ ಮಾಡಿಸಬಹುದು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಅಧಿನಿಯಮದಡಿ ಗಂಡ ಮಾಡಿಸುವ ಜೀವವಿಮೆ ಹೆಂಡತಿ ಮಕ್ಕಳಿಗೇ ಮೀಸಲು, ಅವನ ಸಾಲಗಾರರು ಅದಕ್ಕೆ ಕೈಹಾಕುವಂತಿಲ್ಲ. ಇದಕ್ಕೆ ಪಾಲಿಸಿ ಮಾಡಿಸುವಾಗಲೇ ಅರ್ಜಿಯಲ್ಲಿ ಹೇಳಬೇಕು.

ಸಾಲದ ಮಾತನ್ನಂತೂ ಕರಾರು ಇರಲಿ ಬಿಡಲಿ ಆಡಲೇಬೇಕು. ಗೋತ್ರ, ನಕ್ಷತ್ರ ಕೇಳುವ ನಾವು ಶಿಕ್ಷಣ ಸಾಲದ ಬಾಕಿ ಎಷ್ಟು, ತಮ್ಮನ ಅಂಗಡಿಯ ಸಾಲಕ್ಕೆ ಜಾಮೀನು ಹಾಕಿದ್ದೀರಾ ಎಂದು ಕೇಳುವುದಿಲ್ಲ. ಸಂಬಳ ಮಾತ್ರ ಕೇಳುತ್ತೇವೆ, ಅದೂ ಸುತ್ತುಬಳಸಿ.

ಇನ್ನೊಂದು ಕಾಗದವಿದೆ, ಕಾನೂನೇ ಕೇಳುವಂಥದ್ದು. ವರದಕ್ಷಿಣೆ ನಿಷೇಧ ಅಧಿನಿಯಮದಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವಿಗೂ ವರನಿಗೂ ಬಂದ ಉಡುಗೊರೆಗಳ ಪಟ್ಟಿಯನ್ನು ಬೇರೆ ಬೇರೆಯಾಗಿ ಬರೆದಿಡಬೇಕು: ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು. ಎರಡಕ್ಕೂ ಇಬ್ಬರ ಸಹಿ ಬೇಕು. ಸ್ತ್ರೀಧನ ಹೆಣ್ಣಿನ ಸ್ವಂತ ಸೊತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದ್ದರೂ, ಯಾವ ಬಳೆ ತವರಿನದು, ಯಾವ ಸರ ಅತ್ತೆ ಹಾಕಿದ್ದು ಎಂದು ತೋರಿಸಲು ಕೊನೆಗೆ ಮದುವೆಯ ಆಲ್ಬಂ ತಿರುವಿಹಾಕಬೇಕಾಗುತ್ತದೆ. ಮುಯ್ಯಿ ಪುಸ್ತಕದಲ್ಲಿ ಐನೂರು ರೂಪಾಯಿಯ ಕವರನ್ನೂ ಬಿಡದೆ ಬರೆಯುವ ಮನೆಗಳಲ್ಲಿ ಈ ಪಟ್ಟಿ ಮಾತ್ರ ಇರುವುದಿಲ್ಲ.